ಸತ್ತವರನ್ನು ಎಬ್ಬಿಸಿದ ಗಿಟಾರು!

ಧರ್ಮೇಂದ್ರ, ಜೀನತ್ ಅಮಾನ್ ನಟಿಸಿದ ‘ಶಾಲಿಮಾರ್’ ನೆನಪಿದೆಯೇ? 1978ರಲ್ಲಿ ಹಾಲಿವುಡ್ಡಿನಿಂದ ರೆಕ್ಸ್ ಹ್ಯಾರಿಸನ್‌ನನ್ನೂ ಕರೆಸಿ, ದುಡ್ಡು ಸುರಿದು ತೆಗೆದ ಚಿತ್ರ. ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಅದರ ನಿರ್ದೇಶಕ ಕೃಷ್ಣ ಶಾ ಏಳು ವರ್ಷದ ನಂತರ ಅಮೆರಿಕದಲ್ಲಿ ಏನು ತೆಗೆದರು ಗೊತ್ತೇ? ದೆವ್ವದ ಸಿನಿಮಾ! ಅದೂ ಚಿಲ್ಲರೆ ಕಾಸಿನಲ್ಲಿ. ಹೆಸರು ‘ಹಾರ್ಡ್ ರಾಕ್ ಜಾಂಬೀಸ್’.

ಜಾಂಬಿ ಎಂದರೆ ಗೋರಿಯಿಂದ ಎದ್ದು ಬರುವ ಹೆಣ. ಕಥೆ ಕೇಳಿ. ವಾದ್ಯಗಾರ ಹುಡುಗರ ತಂಡವೊಂದು ಸಣ್ಣ ಊರಿಗೆ ಕಾರ್ಯಕ್ರಮ ಕೊಡಲು ಬರುತ್ತದೆ. ಈ ಗದ್ದಲ ನಮ್ಮೂರಿಗೆ ಬೇಡ ಅಂತ ಊರಿನವರ ಪಟ್ಟು. ಅಲ್ಲೊಂದು ಮನೆಯವರಂತೂ ಹುಡುಗರನ್ನು ಕೊಂದೇ ಹಾಕುತ್ತಾರೆ. ಆ ಮನೆಯ ಅಜ್ಜ ಯಾರು ಅಂತೀರಿ? ಸಾಕ್ಷಾತ್ ಹಿಟ್ಲರ್! ಹುಡುಗಿಯೊಬ್ಬಳು ಗೋರಿಯ ಹತ್ತಿರ ಕ್ಯಾಸೆಟ್ ಹಾಕುತ್ತಾಳೆ, ಸತ್ತವರು ಎದ್ದು ನಿಲ್ಲುತ್ತಾರೆ. ತರ್ಕ ಹುಡುಕಬೇಡಿ, ಸಿಗೋದಿಲ್ಲ. ಶಾ ಅವರದೇ ‘ಅಮೆರಿಕನ್ ಡ್ರೈವ್-ಇನ್’ ಚಿತ್ರದೊಳಗೆ ಪರದೆಯ ಮೇಲೆ ಓಡುವ ತುಣುಕಾಗಿ ಹುಟ್ಟಿದ್ದು ಇದು. ಆಮೇಲೆ ಎಳೆದೂ ಎಳೆದು ಪೂರ್ತಿ ಚಿತ್ರ ಮಾಡಿದರು.

ಇಂಥ ಚಿತ್ರಗಳ ಲೆಕ್ಕಾಚಾರ ಅಂಗಡಿಯವರಿಗೆ ಬೇಗ ಅರ್ಥವಾದೀತು. ದೊಡ್ಡ ನಟರು ಬೇಡ. ಒಂದು ಹಳೇ ಮನೆ, ಒಂದಿಷ್ಟು ಕೆಂಪು ಬಣ್ಣ, ಕಿವಿ ಕಿತ್ತುಹೋಗುವ ಗಿಟಾರು... ಥಿಯೇಟರಿನಲ್ಲಿ ಓಡದಿದ್ದರೆ ವಿಡಿಯೋ ಕ್ಯಾಸೆಟ್ ಇದ್ದೇ ಇತ್ತು. ಮುಖ್ಯ ಸರಕಂತೂ ಪುಕ್ಕಟೆ: ಅಪ್ಪ-ಅಮ್ಮಂದಿರ ಭಯ!

ಅದು ನಿಜವಾದ ಭಯವೇ. ‘ಹೆವಿ ಮೆಟಲ್’ ಎಂಬ ಈ ಅಬ್ಬರದ ಸಂಗೀತ ಮಕ್ಕಳನ್ನು ಕೆಡಿಸುತ್ತಿದೆ, ಇದು ಸೈತಾನನ ಕೆಲಸ ಎಂದು ಅಮೆರಿಕದಲ್ಲಿ ಗುಲ್ಲೆದ್ದಿತ್ತು. 1985ರ ಸೆಪ್ಟೆಂಬರಿನಲ್ಲಿ ಹಾಡುಗಳ ಮಾತು-ಮತಿಯ ಬಗ್ಗೆ ಸೆನೆಟ್ ಸಮಿತಿಯೇ ವಿಚಾರಣೆ ನಡೆಸಿತು. ಗಾಯಕ ಡೀ ಸ್ನೈಡರ್ ಹೋಗಿ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿದ. ಮರುವರ್ಷವೇ ‘ಟ್ರಿಕ್ ಆರ್ ಟ್ರೀಟ್’ ಚಿತ್ರ ಬಂತು. ಅದರಲ್ಲಿ ರೆಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿದರೆ ಸತ್ತ ಗಾಯಕ ಮಾತಾಡುತ್ತಾನೆ! ಈ ಸಂಗೀತವನ್ನು ಟಿ.ವಿ.ಯಲ್ಲಿ ಬೈಯುವ ಪಾದ್ರಿಯ ವೇಷ ಹಾಕಿದ್ದು ಯಾರು? ಪಾದ್ರಿಗಳಿಂದ ಬೇಕಾದಷ್ಟು ಬೈಸಿಕೊಂಡಿದ್ದ ಆಜಿ ಆಸ್ಬರ್ನ್!

ಪರದೆಯ ಮೇಲೆ ಇದು ತಮಾಷೆ. ನೆವಾಡಾ ರಾಜ್ಯದಲ್ಲಿ ಅಲ್ಲ. ಅಲ್ಲಿ 1985ರ ಡಿಸೆಂಬರಿನಲ್ಲಿ ಇಬ್ಬರು ಹುಡುಗರು ಆತ್ಮಹತ್ಯೆಗೆ ಕೈಹಾಕಿದರು. ಒಬ್ಬ ಅಂದೇ ಹೋದ, ಇನ್ನೊಬ್ಬ 1988ರಲ್ಲಿ ತೀರಿಕೊಂಡ. ‘ಜೂಡಾಸ್ ಪ್ರೀಸ್ಟ್’ ತಂಡದ ರೆಕಾರ್ಡಿನಲ್ಲಿ ಅಡಗಿರುವ ಮಾತೇ ಇದಕ್ಕೆ ಕಾರಣ ಅಂತ ಮನೆಯವರು ದಾವೆ ಹೂಡಿದರು. ದೆವ್ವದ ಸಿನಿಮಾದ ಕಥೆ ರೀನೋ ಕೋರ್ಟಿನ ಕಟಕಟೆ ಹತ್ತಿತು!

1990ರ ಆಗಸ್ಟಿನಲ್ಲಿ ತೀರ್ಪು ಬಂತು. ತಂಡ ಹೊಣೆಯಲ್ಲ. ‘ಮಾಡು’ ಎಂದು ಕೇಳಿಸಿದ ಆ ಸದ್ದು, ಗಾಯಕ ಬಿಟ್ಟ ಉಸಿರು ಮತ್ತು ಗಿಟಾರಿನ ದನಿ ಆಕಸ್ಮಿಕವಾಗಿ ಬೆರೆತದ್ದು ಎಂದರು ನ್ಯಾಯಾಧೀಶರು.