ಪ್ರವಾಹ ಯಾರ ಪಾಪದ ಫಲ?

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಹರಿದಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ನದಿತೀರದ ಜನ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಬೇಕಾಯಿತು. ಕಬ್ಬಿನ ಹೊಲಗಳು ಮುಳುಗಿದವು. ಇಂತಹ ಹೊತ್ತಲ್ಲಿ ದೂರದಲ್ಲಿ ಕುಳಿತವರ ಬಾಯಲ್ಲಿ ಒಂದು ಮಾತು ಬರುತ್ತದೆ: ‘ಜನರ ಪಾಪ ಹೆಚ್ಚಾಯಿತು, ಅಲ್ಲಾಹನು ಶಿಕ್ಷೆ ಕೊಟ್ಟ.’ ನೇತ್ರಾವತಿ ದಡದ ನಮಗೂ ಈ ಮಾತು ಹೊಸತಲ್ಲ. ಹಾಗಾದರೆ ತೊಟ್ಟಿಲ ಮಗು ಮಾಡಿದ ಪಾಪ ಏನು? ಹಟ್ಟಿಯಲ್ಲಿ ಕಟ್ಟಿದ್ದ ಕರು ಮಾಡಿದ್ದೇನು?

ಹೀಗೆ ಕೇಳಿದರೆ ಈಮಾನ್ ಹೋಗುತ್ತದೆ ಎಂದು ಹೆದರಬೇಕಾಗಿಲ್ಲ. ಹಿಜರಿ ಎರಡನೇ ಶತಮಾನದ ಬಸರಾ ಪಟ್ಟಣದಲ್ಲೇ ಈ ಚರ್ಚೆ ಜೋರಾಗಿತ್ತು. ವಾಸಿಲ್ ಇಬ್ನ್ ಅತಾರಿಂದ ಆರಂಭವಾದ ಮುಅ್ತಝಿಲಾ ಪಂಥದವರು ಅಲ್ಲಾಹನ ನ್ಯಾಯ, ಅಂದರೆ ‘ಅದ್ಲ್’ ಅನ್ನು ತಮ್ಮ ಐದು ಮೂಲತತ್ವಗಳಲ್ಲಿ ಒಂದಾಗಿಸಿಕೊಂಡರು. ಅಲ್ಲಾಹನು ಅನ್ಯಾಯ ಮಾಡುವುದಿಲ್ಲ, ಮನುಷ್ಯ ಮಾಡಿದ್ದಕ್ಕೆ ಮನುಷ್ಯನೇ ಹೊಣೆ ಎಂಬುದು ಅವರ ವಾದ. ಹಿಜರಿ 415ರಲ್ಲಿ ತೀರಿಕೊಂಡ ಖಾಝಿ ಅಬ್ದುಲ್ ಜಬ್ಬಾರ್, ನಿರಪರಾಧಿ ಮಗು, ಮೂಕಪ್ರಾಣಿಗಳ ನೋವಿಗೂ ಪರಲೋಕದಲ್ಲಿ ಪರಿಹಾರ ಉಂಟು ಎಂದರು. ವಿಶೇಷ ಏನೆಂದರೆ, ಫಿಕ್ಹ್‌ನಲ್ಲಿ ಅವರೂ ನಮ್ಮಂತೆ ಶಾಫಿಈಗಳೇ.

ಆದರೆ ನಮ್ಮ ಅಖೀದಾ ಅಶ್ಅರಿ. ಇಮಾಂ ಅಶ್ಅರಿ ಮೊದಲು ಮುಅ್ತಝಿಲಾ ಆಗಿದ್ದವರು. ಗುರು ಜುಬ್ಬಾಈಗೆ ಅವರು ಮೂವರು ಸಹೋದರರ ಪ್ರಶ್ನೆ ಹಾಕಿದರೆಂದು ಹೇಳುತ್ತಾರೆ. ಒಬ್ಬ ಸಜ್ಜನ, ಒಬ್ಬ ದುರ್ಜನ, ಒಬ್ಬ ಬಾಲ್ಯದಲ್ಲೇ ತೀರಿದವ. ‘ಬೆಳೆದರೆ ಕೆಟ್ಟುಹೋಗುತ್ತಿದ್ದೆ, ಅದಕ್ಕೇ ಬೇಗ ಕರೆಸಿಕೊಂಡೆ’ ಎಂದು ಮಗುವಿಗೆ ಉತ್ತರ ಸಿಕ್ಕರೆ, ದುರ್ಜನ ‘ನನ್ನನ್ನು ಯಾಕೆ ಬಾಲ್ಯದಲ್ಲೇ ಕರೆಸಲಿಲ್ಲ?’ ಎಂದು ಕೇಳುವುದಿಲ್ಲವೇ? ಗುರುವಿನಲ್ಲಿ ಉತ್ತರ ಇರಲಿಲ್ಲ. ಅಲ್ಲಾಹನ ಹಿಕ್ಮತ್ತನ್ನು ನಮ್ಮ ಅಳತೆಗೋಲಿನಿಂದ ಅಳೆಯಲಾಗದು ಎಂಬುದೇ ಅಶ್ಅರಿಗಳ ನಿಲುವು.

ಹಾಗಂತ ಸುಮ್ಮನೆ ಕೂರಬೇಕೇ? ಇಲ್ಲ. ಅಳೆಯಲು ಆಗದು ಎಂದ ಮೇಲೆ, ಇಂಥವರ ಪಾಪಕ್ಕೇ ಈ ನೆರೆ ಬಂತು ಎಂದು ತೀರ್ಪು ಕೊಡಲು ನಾವ್ಯಾರು? ಎರಡೂ ಪಂಥಗಳ ಮಾತು ಬೇರೆ ಬೇರೆಯಾದರೂ, ಸಂತ್ರಸ್ತರತ್ತ ಬೆರಳು ತೋರಿಸಲು ಎರಡರಲ್ಲೂ ಆಸ್ಪದ ಕಾಣುವುದಿಲ್ಲ. ಅಶ್ಅರಿಯೇ ಆದ ಇಮಾಂ ಗಝ್ಝಾಲಿ ಶರೀಅತ್ತಿನ ಉದ್ದೇಶ ಜನರ ಧರ್ಮ, ಜೀವ, ಬುದ್ಧಿ, ಸಂತತಿ, ಸೊತ್ತು ಈ ಐದರ ರಕ್ಷಣೆ ಎಂದರು. ಇದನ್ನೇ ‘ಮಸ್ಲಹತ್’ ಎನ್ನುವುದು. ಪ್ಲೇಗ್ ಹಬ್ಬಿದ ಶಾಮ್‌ಗೆ ಹೋಗದೆ ಖಲೀಫಾ ಉಮರ್(ರ) ಹಿಂದಿರುಗಿದಾಗ, ವಿಧಿಯಿಂದ ಓಡುತ್ತೀರಾ ಎಂಬ ಪ್ರಶ್ನೆ ಬಂತು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂದರು ಅವರು.

ಜಮಖಂಡಿ ಸೀಮೆಯ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೀರಿನ ಬರವನ್ನು ಹಣೆಬರಹ ಎಂದು ಬಿಡದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ.

ನೆರೆಯಲ್ಲೂ ಮನುಷ್ಯನ ಪಾಲಿದೆ. ಅಣೆಕಟ್ಟಿನ ನೀರು ಯಾವಾಗ ಬಿಡಬೇಕು, ಮುನ್ನೆಚ್ಚರಿಕೆ ಯಾರಿಗೆ ತಲುಪಬೇಕು, ಮುಳುಗುವ ಊರಿಗೆ ಎಲ್ಲಿ ಜಾಗ ಕೊಡಬೇಕು, ಇವೆಲ್ಲ ಮನುಷ್ಯರೇ ತೆಗೆದುಕೊಳ್ಳುವ ತೀರ್ಮಾನ. ಅದನ್ನೂ ಅಲ್ಲಾಹನ ತಲೆಗೆ ಕಟ್ಟಿದರೆ ಹೊಣೆಗಾರರು ಪಾರಾಗುತ್ತಾರೆ, ಅಷ್ಟೇ.

ಮುಂದಿನ ಮಳೆಗಾಲದಲ್ಲಿ ಎಲ್ಲಾದರೂ ನೆರೆ ಬಂದರೆ, ನಮ್ಮ ಜಮಾಅತ್‌ಗಳು ಮೊದಲು ಕೇಳಬೇಕಾದ್ದು ಜನ ಏನು ತಪ್ಪು ಮಾಡಿದರು ಎಂದಲ್ಲ, ಅವರಿಗೆ ಏನು ಬೇಕು ಎಂದು. ಐಚ್ಛಿಕ ಸದಖಾಕ್ಕೆ ಜಾತಿ-ಧರ್ಮದ ಗಡಿ ಇಲ್ಲ. ವಿಧಿಯ ಲೆಕ್ಕ ಅಲ್ಲಾಹನದು, ಅಕ್ಕಿ-ಕಂಬಳಿಯ ಲೆಕ್ಕ ನಮ್ಮದು.