ಹಲ್ಲುನೋವಿಗೆ ನಡೆಯದ ಕಾರ್ಡು, ಗಡಿ ದಾಟದ ‘ದಂತ ಭಾಗ್ಯ’

ಅಕ್ಕಲಕೋಟ: ಎದೆಯ ಆಪರೇಶನ್‌ಗೆ ಸರ್ಕಾರದ ಹಣ ಸಿಗುತ್ತದೆ. ಹುಳುಕು ಹಲ್ಲು ತುಂಬಿಸಲು ಸಿಗುವುದಿಲ್ಲ. ಅಕ್ಕಲಕೋಟ, ಜತ್ ತಾಲ್ಲೂಕುಗಳ ಕನ್ನಡ ಕುಟುಂಬಗಳಿಗೆ ಇದು ಹಲ್ಲು ನೋಯುವ ತನಕ ಗೊತ್ತಾಗುವುದೂ ಇಲ್ಲ.

ಮಹಾರಾಷ್ಟ್ರದ ಜನ ಆರೋಗ್ಯ ಯೋಜನೆ 2012ರಲ್ಲಿ ರಾಜೀವ ಗಾಂಧಿ ಜೀವನದಾಯಿ ಹೆಸರಿನಲ್ಲಿ ಮೊದಲು ಎಂಟು ಜಿಲ್ಲೆಗಳಲ್ಲಿ ಶುರುವಾಯಿತು. ಸೋಲಾಪುರ ಅವುಗಳಲ್ಲೊಂದು. 2017ರಲ್ಲಿ ಮಹಾತ್ಮ ಫುಲೆ ಅವರ ಹೆಸರು ಬಂತು. 2023ರಲ್ಲಿ ವರ್ಷದ ಮಿತಿಯನ್ನು ಕುಟುಂಬಕ್ಕೆ 5 ಲಕ್ಷ ರೂಪಾಯಿಗೆ ಏರಿಸುವ ನಿರ್ಧಾರವಾಯಿತು. ಆದರೆ ಇದು ಆಸ್ಪತ್ರೆಗೆ ದಾಖಲಾದವರ ಯೋಜನೆ. ದವಡೆ ಮುರಿದರೆ, ಬಾಯಿ ಕ್ಯಾನ್ಸರ್ ಆದರೆ ಕಾರ್ಡು ನಡೆಯುತ್ತದೆ. ಹಲ್ಲಿನ ಫಿಲ್ಲಿಂಗ್, ರೂಟ್ ಕೆನಾಲ್ ಹೊರರೋಗಿ ಚಿಕಿತ್ಸೆಯಾದ್ದರಿಂದ ಅದಕ್ಕೆ ಲೆಕ್ಕವಿಲ್ಲ.

ಹಾಗಾಗಿ ಬಡವರಿಗೆ ಉಳಿದದ್ದು ಸರ್ಕಾರಿ ದವಾಖಾನೆಯ ಹಲ್ಲಿನ ಕುರ್ಚಿ ಒಂದೇ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಲ್ಲಿ ಬಂತು. ಕುರ್ಚಿ, ಸಾಮಗ್ರಿ, ಗುತ್ತಿಗೆ ಮೇಲೆ ದಂತವೈದ್ಯರು ಮತ್ತು ಸಹಾಯಕರು, ಎಲ್ಲಕ್ಕೂ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕವೇ ಹಣ ಬರಬೇಕು. ರಾಜ್ಯ ಕಳಿಸಿದ ಯೋಜನೆಗೆ ಕೇಂದ್ರ ಒಪ್ಪಿದರೆ ಹುದ್ದೆ, ಇಲ್ಲವಾದರೆ ಇಲ್ಲ. ಕಾಯಂ ಮಾಡಬೇಕೆಂದು ಮಹಾರಾಷ್ಟ್ರದಲ್ಲಿ ಅಭಿಯಾನದ ಗುತ್ತಿಗೆ ನೌಕರರು 2023 ಮತ್ತು 2025ರಲ್ಲಿ ಮುಷ್ಕರ ಹೂಡಿದ್ದರು. ಡಾಕ್ಟರರ ನೌಕರಿಗೇ ಭರವಸೆ ಇಲ್ಲದ ಕಡೆ ಕುರ್ಚಿಯ ಭವಿಷ್ಯ ಕೇಳಬೇಕೆ? ಸಾಮಗ್ರಿ ಮುಗಿದರೆ ಉಳಿಯುವ ಕೆಲಸ ಒಂದೇ, ಹಲ್ಲು ಕೀಳುವುದು.

“ಹಲ್ಲ ನೂಸ್ತದಂತ ಯಾರ್ ಸೋಲಾಪುರಕ್ಕ ಹೋಗ್ತಾರ್ರಿ?” ಎಂಬುದು ಈ ಭಾಗದ ಹಳ್ಳಿಗಳ ಮಾತು. ಒಂದು ಲವಂಗ, ಒಂದು ಗುಳಿಗೆ, ಅಲ್ಲಿಗೆ ಮುಗೀತು. ಶಾಲಾ ಮಕ್ಕಳ ಕಥೆಯೂ ಇದೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಳುಕು ಹಲ್ಲೂ ಸೇರಿದೆ. ತಂಡ ಶಾಲೆಗೆ ಬಂದು ಹಲ್ಲು ನೋಡಿ ಚೀಟಿ ಬರೆಯುತ್ತದೆ. ಚೀಟಿ ಹಿಡಿದು ಹೋಗಲು ತಂದೆಯೋ ತಾಯಿಯೋ ಒಂದು ದಿನದ ಪಗಾರ ಬಿಡಬೇಕು.

ಇದು ಬರೀ ನೋವಿನ ಪ್ರಶ್ನೆಯಲ್ಲ. ಮುಂಜಾನೆದ್ದು ಮಶೇರಿ ತಿಕ್ಕುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಗುಟ್ಕಾ 2012ರಿಂದ ರಾಜ್ಯದಲ್ಲಿ ನಿಷೇಧವಾಗಿದ್ದರೂ ತಿನ್ನುವವರು ನಿಂತಿಲ್ಲ. ಬಾಯಿಯೊಳಗೆ ಬಿಳಿ ಕಲೆ ಬಿದ್ದರೆ, ಬಾಯಿ ಪೂರ್ತಿ ತೆರೆಯದೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಹಲ್ಲಿನ ಡಾಕ್ಟರಿಗೆ. ಆ ಕುರ್ಚಿ ಖಾಲಿ ಇದ್ದರೆ ರೋಗ ಗೊತ್ತಾಗುವುದು ಗಂಟು ಬೆಳೆದ ಮೇಲೆ. ಆಗ ಕಾರ್ಡು ನಡೆಯುತ್ತದೆ, ಲಕ್ಷಾಂತರ ರೂಪಾಯಿಯ ಆಪರೇಶನ್‌ಗೆ! ಜಮಾ-ಖರ್ಚು ಬಲ್ಲವರು ಯಾರೂ ಒಪ್ಪುವ ಲೆಕ್ಕವಲ್ಲ ಇದು.

ಇನ್ನು ಹಲ್ಲೆಲ್ಲ ಉದುರಿದ ಹಿರಿಯರು. ಕರ್ನಾಟಕ ಸರ್ಕಾರ 2014ರಲ್ಲಿ ‘ದಂತ ಭಾಗ್ಯ’ ತಂದು, ಬಡತನ ರೇಖೆಗಿಂತ ಕೆಳಗಿನ 60 ವರ್ಷ ದಾಟಿದವರಿಗೆ ಉಚಿತ ಹಲ್ಲಿನ ಸೆಟ್ ಕೊಡಲು ಆರಂಭಿಸಿತು. ವಯಸ್ಸನ್ನು ನಂತರ 45ಕ್ಕೆ ಇಳಿಸಿತು. ಆದರೆ ಕರ್ನಾಟಕದ ರೇಶನ್ ಕಾರ್ಡು ಬೇಕು. ಉಮದಿಯ ಅಜ್ಜನ ಮಾತು ಕನ್ನಡ, ಕಾರ್ಡು ಮಹಾರಾಷ್ಟ್ರದ್ದು. 2023ರಲ್ಲಿ ಮಹಾರಾಷ್ಟ್ರ ತನ್ನ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದ 865 ಹಳ್ಳಿಗಳಿಗೆ ಒಯ್ಯಲು ಹೊರಟಾಗ ದೊಡ್ಡ ಗದ್ದಲವೇ ಎದ್ದಿತ್ತು. ಹಲ್ಲಿನ ಸುದ್ದಿ ಆ ಜಗಳದಲ್ಲೂ ಬರಲಿಲ್ಲ.

ಜತ್ ತಾಲ್ಲೂಕಿನ ಉಮದಿ, ಸಂಖ ಭಾಗದವರಿಗೆ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ಅಲ್ಲಿ ಖಾಸಗಿ ಡೆಂಟಲ್ ಕಾಲೇಜು ಇದೆ. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 75 ದಾಟಿದವರಿಗೆ ಪುಕ್ಕಟೆ, ಹೆಂಗಸರಿಗೆ ಅರ್ಧ ಟಿಕೆಟ್. ಆದರೆ ಅದೂ ರಾಜ್ಯದ ಗಡಿವರೆಗೆ ಮಾತ್ರ. ಕರ್ನಾಟಕದ ‘ಶಕ್ತಿ’ ಅಲ್ಲಿನ ಹೆಣ್ಣುಮಕ್ಕಳಿಗಷ್ಟೇ. ಅಳತೆ ಕೊಡುವುದು, ಮೇಣದಲ್ಲಿ ಕೂರಿಸಿ ನೋಡುವುದು, ಆಮೇಲೆ ತಿದ್ದಿಸುವುದು ಎಂದು ಒಂದು ಸೆಟ್ಟಿಗೆ ನಾಲ್ಕೈದು ಸಲ ಓಡಾಡಬೇಕು. ಪ್ರತಿ ಸಲವೂ ಗಡಿ ದಾಟಿದ ಮೇಲೆ ಪೂರ್ತಿ ಟಿಕೆಟ್.