ಪಾಳಿ ಬದಲಾಗುವ ಆ ಹತ್ತು ನಿಮಿಷ

2005ರ ಮಾರ್ಚ್ 23. ಅಮೆರಿಕದ ಟೆಕ್ಸಸ್ ಸಿಟಿಯಲ್ಲಿದ್ದ ಬಿಪಿ ಕಂಪನಿಯ ತೈಲ ಸಂಸ್ಕರಣಾಗಾರ. ರಾತ್ರಿ ಪಾಳಿಯವರು ಒಂದು ಗೋಪುರಕ್ಕೆ ದ್ರವ ತುಂಬಿಸಿ, ಲಾಗ್‌ಬುಕ್ಕಿನಲ್ಲಿ ಒಂದೇ ಸಾಲು ಗೀಚಿ ಮನೆಗೆ ಹೋದರು. ಎಷ್ಟು ತುಂಬಿದೆ, ಎಲ್ಲೆಲ್ಲಿ ತುಂಬಿದೆ? ಬೆಳಗಿನವರಿಗೆ ಸರಿಯಾಗಿ ತಿಳಿಯಲೇ ಇಲ್ಲ. ಅವರು ಇನ್ನಷ್ಟು ತುಂಬಿಸಿದರು. ಮಟ್ಟ ತೋರಿಸುವ ಮಾಪಕವೂ ಸುಳ್ಳು ಹೇಳುತ್ತಿತ್ತು. ಮಧ್ಯಾಹ್ನ ದ್ರವ ಉಕ್ಕಿ ಹೊರಚೆಲ್ಲಿತು, ಆವಿ ಹೊತ್ತಿಕೊಂಡು ಸ್ಫೋಟಿಸಿತು. 15 ಜನ ಸತ್ತರು, 180 ಜನ ಗಾಯಗೊಂಡರು.

ಅಂದು ಕಂಟ್ರೋಲ್ ಬೋರ್ಡ್ ನೋಡುತ್ತಿದ್ದ ಆಪರೇಟರ್ ದಿನಕ್ಕೆ 12 ಗಂಟೆಯಂತೆ 29 ದಿನ ಸತತವಾಗಿ ದುಡಿದಿದ್ದರು. ರಜೆಯೇ ಇಲ್ಲ! ಇಂಥವರನ್ನು ‘ಅಜಾಗರೂಕ’ ಎನ್ನುವುದು ಸುಲಭ, ಆದರೆ ಅನ್ಯಾಯ.

ಕರ್ನಾಟಕದಲ್ಲೂ 2023ರ ಕಾನೂನು ತಿದ್ದುಪಡಿ ದಿನಕ್ಕೆ 12 ಗಂಟೆವರೆಗಿನ ಪಾಳಿಗೆ ದಾರಿ ತೆರೆಯಿತು. ವಾರದ ಮಿತಿಯನ್ನು ಮಾತ್ರ 48 ಗಂಟೆಗೇ ಇಟ್ಟಿತು.

ಪಾಳಿ ಎಷ್ಟೇ ಉದ್ದವಿರಲಿ, ಕಾರ್ಖಾನೆ ಪೀಣ್ಯದಲ್ಲಿರಲಿ, ಬೊಮ್ಮಸಂದ್ರದಲ್ಲಿರಲಿ, ಪಂಚ್ ಮಾಡಿ ಓಡುವ ಮುನ್ನ ಯಂತ್ರದ ಮುಂದೆಯೇ ನಿಂತು ಮುಂದಿನ ಪಾಳಿಯವರೊಂದಿಗೆ ಮಾತಾಡಿ. ಯಾವ ಗಾರ್ಡ್ ಬಿಚ್ಚಿದೆ, ಯಾವ ವಾಲ್ವ್ ಮುಚ್ಚಿದೆ, ಯಾವ ರಿಪೇರಿ ಅರ್ಧಕ್ಕೆ ನಿಂತಿದೆ ಹೇಳಿ, ಬರೆದೂ ಇಡಿ. ಮಾಲೀಕರೇ, ಪಾಳಿ ಬದಲಾಗುವ ಆ ಹತ್ತು ನಿಮಿಷಕ್ಕೂ ಸಂಬಳ ಕೊಡಿ.